ತೀರ್ಪುಗಾರರ ಬಿರುನುಡಿ: ಟಿ.ವಿ. ವೇದಿಕೆಯೂ ಯಾದಗಿರಿ ಸೀಮೆಯ ಸವಾಲ್-ಜವಾಬೂ

‘ಚರಣದಲ್ಲಿ ಶ್ರುತಿ ಇಳೀತು’ ಎಂದರೆ ಅದು ಹಾಡಿನ ವಿಮರ್ಶೆ. ‘ನಿನಗ್ಯಾಕೆ ಬೇಕಿತ್ತು ಈ ಹಾಡು’ ಎಂದರೆ ಹಾಡಿದವರ ಅವಮಾನ. ಟಿ.ವಿ. ಪ್ರತಿಭಾ ಸ್ಪರ್ಧೆಗಳಲ್ಲಿ ಎರಡೂ ಒಂದೇ ಕುರ್ಚಿಯಿಂದ ಬರುತ್ತವೆ. ಯಾದಗಿರಿ, ಶಹಾಪುರ, ಸುರಪುರದ ಹುಡುಗ-ಹುಡುಗಿಯರು ಸುಮಾರು 500 ಕಿ.ಮೀ. ದೂರದ ಬೆಂಗಳೂರಿನ ಸ್ಟುಡಿಯೋಗೆ ಹೋಗುವ ಮುನ್ನ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು.

ಬೈಗುಳ ಬಂದ ದಾರಿ

ಬ್ರಿಟನ್ನಿನಲ್ಲಿ 2001ರಲ್ಲಿ ಶುರುವಾದ ‘ಪಾಪ್ ಐಡಲ್’ನ ತೀರ್ಪುಗಾರ ಸೈಮನ್ ಕೊವೆಲ್ ಮುಖಕ್ಕೆ ಹೊಡೆದಂತೆ ಮಾತಾಡಿಯೇ ಹೆಸರಾದರು. ‘ಇಂಡಿಯನ್ ಐಡಲ್’ 2004ರಲ್ಲಿ ಬಂದಾಗ ಆ ವರಸೆಯೂ ಜೊತೆಗೇ ಬಂತು. ಅದಕ್ಕೂ ಮೊದಲು, 1995ರಲ್ಲಿ ಆರಂಭವಾಗಿದ್ದ ಹಿಂದಿಯ ‘ಸರೆಗಮ’ದಲ್ಲಿ ಸಂಗೀತದ ಹಿರಿಯರು ಕೂತು ಅಂಕ ಕೊಡುತ್ತಿದ್ದರು, ಜಗಳ ಕಾರ್ಯಕ್ರಮದ ಸರಕಾಗಿರಲಿಲ್ಲ.

ಕನ್ನಡದ ಪುಣ್ಯ, ಇಲ್ಲಿ ಮೊದಲು ಮನೆಮಾತಾದದ್ದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’. ಅವರು ತಪ್ಪನ್ನು ಮುಚ್ಚುತ್ತಿರಲಿಲ್ಲ. ಒಂದು ಅಕ್ಷರ ಜಾರಿದರೂ ನಿಲ್ಲಿಸಿ, ಆ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಸೌಜನ್ಯವೆಂದರೆ ಸುಮ್ಮನೆ ಹೊಗಳುವುದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಹೊಗಳಿಕೆಯೂ ಎಡವುತ್ತದೆ. ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಕನ್ನಡದ ‘ಸರಿಗಮಪ’ದ 15ನೇ ಆವೃತ್ತಿಯಲ್ಲಿ ಎರಡನೇ ಸ್ಥಾನ ಪಡೆದರು, ಮುಂದೆ 2025ರ ಜನವರಿಯಲ್ಲಿ ‘ಬಿಗ್‌ ಬಾಸ್’ ಗೆದ್ದರು. ಸಂಗೀತ ಕಲಿಯದೆ, ಕೇಳಿಕೇಳಿ ಹಾಡಿದ ಗಂಟಲು ಅದು. ಆದರೆ ಅವರ ಸ್ವರಕ್ಕಿಂತ ಲುಂಗಿ, ಕುರಿ, ಮಾತಿನ ಧಾಟಿಗಳೇ ಹೆಚ್ಚು ಚರ್ಚೆಯಾದವು ಎಂದು ನನಗನಿಸುತ್ತದೆ. ಮುಗ್ಧನೆಂದು ಮುದ್ದಿಸುವುದರಲ್ಲೂ ಸಣ್ಣ ತಾತ್ಸಾರವಿದೆ.

ನಮ್ಮ ಕಡೆಯ ಸವಾಲ್-ಜವಾಬ್

ಕೃಷ್ಣೆ-ಭೀಮೆಯರ ನಡುವಿನ ಜನಕ್ಕೆ ವೇದಿಕೆಯ ಬಿರುನುಡಿ ಹೊಸದೇನಲ್ಲ. ಕಲಬುರಗಿ, ವಿಜಯಪುರ ಸೀಮೆಯ ಜಾತ್ರೆಗಳಲ್ಲಿ ಹರದೇಶಿ-ನಾಗೇಶಿ ಮೇಳಗಳು ಎದುರುಬದುರು ನಿಂತು ಬೆಳಗಿನವರೆಗೆ ಹಾಡುತ್ತವೆ. ಒಂದು ಮೇಳ ಶಿವನ, ಗಂಡಿನ ಪರ; ಇನ್ನೊಂದು ಶಕ್ತಿಯ, ಹೆಣ್ಣಿನ ಪರ. ದಪ್ಪು, ತುಂತುಣಿ, ತಾಳ ಜೊತೆಗಿರುತ್ತವೆ. ಒಬ್ಬರು ಪುರಾಣದಿಂದಲೋ ಅಧ್ಯಾತ್ಮದಿಂದಲೋ ಗಂಟು ಹಾಕಿ ಸವಾಲು ಎಸೆಯುತ್ತಾರೆ, ಎದುರಿನವರು ಅದನ್ನು ಪದದಲ್ಲೇ ಬಿಡಿಸಬೇಕು. ನಡುನಡುವೆ ಚುಚ್ಚುಮಾತು ಧಾರಾಳ. ಅಪ್ಪ-ಮಕ್ಕಳು ಒಟ್ಟಿಗೆ ಕೂತು ಕೇಳಲಾಗದಂಥ ಮಾತೂ ಬರುವುದುಂಟು, ಸುಳ್ಳು ಹೇಳಬಾರದು.

ಆದರೂ ಅಲ್ಲಿ ಚುಚ್ಚಿಸಿಕೊಂಡವರಿಗೆ ಸರದಿಯಿದೆ. ಹೆಣ್ಣನ್ನು ಹಳಿದ ಹರದೇಶಿಗೆ ನಾಗೇಶಿ ಹಾಡುಗಾರ್ತಿ ಮರುಗಳಿಗೆಯಲ್ಲೇ ತಿರುಗಿ ಕೊಡುತ್ತಾಳೆ, ಜನ ಶಿಳ್ಳೆ ಹೊಡೆಯುತ್ತಾರೆ. ಮಾತು ಪೂರ್ತಿ ಕೇಳಿಸುತ್ತದೆ. ಕತ್ತರಿಸುವವರು ಯಾರೂ ಇಲ್ಲ. ಟಿ.ವಿ.ಯಲ್ಲಿ ತೀರ್ಪುಗಾರರ ಕೈಯಲ್ಲಿ ಮೈಕೂ ಅಂಕವೂ ಇರುತ್ತವೆ, ಸ್ಪರ್ಧಿ ತಲೆಯಾಡಿಸಿ ‘ಥ್ಯಾಂಕ್ಯೂ ಸರ್’ ಎನ್ನಬೇಕು. ಐದು ನಿಮಿಷದ ತಿದ್ದುಪಡಿಯಲ್ಲಿ ಖಾರದ ಅರ್ಧ ನಿಮಿಷವನ್ನಷ್ಟೇ ಉಳಿಸಿ, ಅಮ್ಮನ ಕಣ್ಣೀರು ಸೇರಿಸಿ, ಹಿನ್ನೆಲೆ ಸಂಗೀತ ಬಿಟ್ಟರೆ ಪ್ರೋಮೋ ಸಿದ್ಧ. ಇಲ್ಲಿ ಕೆಟ್ಟದ್ದು ಕಟುತನವಲ್ಲ, ಉತ್ತರ ಕೊಡಲಾಗದ ಸ್ಥಿತಿ.

ಶಾಲೆಗಳ ‘ಪ್ರತಿಭಾ ಕಾರಂಜಿ’ಯಲ್ಲಿ ಈ ತೊಂದರೆಯೇ ಇಲ್ಲ. ಕ್ಲಸ್ಟರಿನಿಂದ ರಾಜ್ಯದವರೆಗೂ ತೀರ್ಪುಗಾರರು ಹಾಳೆಯ ಮೇಲೆ ಅಂಕ ಬರೆಯುತ್ತಾರೆ, ಮಗು ಕೆಳಗಿಳಿದು ಹೋಗುತ್ತದೆ. ಆದರೆ ಎಲ್ಲಿ ತಪ್ಪಿತೆಂದು ಅದಕ್ಕೆ ಹೇಳುವವರೂ ವಿರಳ.

ಕೋಲ್ಕತ್ತದ ಪ್ರಕರಣ

2008ರಲ್ಲಿ ಬಂಗಾಳಿ ವಾಹಿನಿಯೊಂದರ ಸ್ಪರ್ಧೆಯಲ್ಲಿ ತೀರ್ಪುಗಾರರಿಂದ ಬೈಸಿಕೊಂಡ ಕೋಲ್ಕತ್ತದ 16ರ ಬಾಲಕಿ ಮಾತು ಕಳೆದುಕೊಂಡಳು, ಕೈಕಾಲು ಆಡದಾದವು. ಚಿಕಿತ್ಸೆಗೆ ಅವಳನ್ನು ಕರೆತಂದದ್ದು ಬೆಂಗಳೂರಿನ ನಿಮ್ಹಾನ್ಸ್‌ಗೆ. ಬೈಗುಳವೇ ಕಾರಣವೆಂದು ಮನೆಯವರು ದೂರಿದರು. ಕಾಯಿಲೆಯನ್ನು ಒಂದೇ ಮಾತಿಗೆ ಗಂಟುಹಾಕುವುದು ಸರಿಯಲ್ಲದಿದ್ದರೂ, ಮಕ್ಕಳನ್ನು ಕ್ಯಾಮೆರಾ ಮುಂದೆ ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆ ದೇಶದಲ್ಲಿ ಗಟ್ಟಿಯಾಗಿ ಎದ್ದದ್ದು ಆಗಲೇ.

ಕಾನೂನು ಏನು ಹೇಳುತ್ತದೆ

ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳ ಪ್ರಕಾರ 14 ದಾಟದ ಮಗುವನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ವೇದಿಕೆ ಹತ್ತಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20 ಭಾಗ ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಅನುಮತಿ ಕೊಡಬೇಕಾದವರು ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾಧಿಕಾರಿ. ಅಂದರೆ ಯಾದಗಿರಿಯ ಮಗುವಿನ ಕಡತ ಯಾದಗಿರಿಗೆ ಬರುವುದೇ ಇಲ್ಲ.

1994ರ ಕೇಬಲ್ ಟೆಲಿವಿಷನ್ ನಿಯಮಗಳ ಕಾರ್ಯಕ್ರಮ ಸಂಹಿತೆ ಮಕ್ಕಳನ್ನು ಹೀನಾಯವಾಗಿ ಕಾಣುವುದನ್ನು ನಿಷೇಧಿಸುತ್ತದೆ. ಯಾವುದೇ ಭಾಷಿಕ, ಪ್ರಾದೇಶಿಕ ಜನರನ್ನು ವ್ಯಂಗ್ಯವಾಗಿ, ಕೀಳಾಗಿ ತೋರಿಸುವುದೂ ಅದರಲ್ಲಿ ನಿಷಿದ್ಧ. ‘ಹಾಂಗ’, ‘ಬರ್ರಿ’ ಎಂದೊಡನೆ ನಗೆಯ ಹಿನ್ನೆಲೆ ಸದ್ದು ಹಾಕುವವರು ಈ ಸಾಲನ್ನು ಒಮ್ಮೆ ಓದಿಕೊಳ್ಳಬೇಕು.

ದೂರು ಎಲ್ಲಿಗೆ?

ಕೇಬಲ್ ನಿಯಮಗಳ 2021ರ ತಿದ್ದುಪಡಿಯಂತೆ ಮೊದಲು ವಾಹಿನಿಗೇ ಬರೆಯಬೇಕು. ಅದು 24 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಪ್ರಸಾರಕರ ಸ್ವಯಂ ನಿಯಂತ್ರಣ ಸಂಸ್ಥೆಗೆ, ಅದಕ್ಕೂ ಮೇಲೆ ಕೇಂದ್ರ ಸರ್ಕಾರದ ವ್ಯವಸ್ಥೆಗೆ ಹೋಗಬಹುದು. ಮಕ್ಕಳ ವಿಚಾರಕ್ಕೆ 1098, ಮನಸ್ಸು ಕುಗ್ಗಿದ್ದರೆ ಟೆಲಿ-ಮಾನಸ್‌ನ 14416 ಸಹಾಯವಾಣಿಗಳಿವೆ. ಆಡಿಷನ್ನಿಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಒಪ್ಪಂದದ ಹಾಳೆ ಇಂಗ್ಲಿಷಿನಲ್ಲಿದ್ದರೆ ಓದಿ ಹೇಳುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಓದಿಸದೆ ಸಹಿ ಮಾಡಬೇಡಿ.