‘ನೈಸ್’: ಒಂದು ಗುಣವಾಚಕದ ಅರ್ಥಚರಿತ್ರೆ

ಹಿತವಾದದ್ದು, ಚೆಂದದ್ದು ಎಂಬ ಅರ್ಥಗಳಲ್ಲಿ ಇಂದು ಬಳಕೆಯಾಗುವ ‘ನೈಸ್’ ಎಂಬ ಇಂಗ್ಲಿಷ್ ಗುಣವಾಚಕವು ಮೂಲದಲ್ಲಿ ನಿಂದೆಯ ಮಾತಾಗಿತ್ತು. ಅರಿವಿಲ್ಲದವನು ಎಂಬರ್ಥದ ಲ್ಯಾಟಿನ್ ಪದ ‘ನೆಸ್ಕಿಯುಸ್’ ಹಳೆಯ ಫ್ರೆಂಚಿನ ಮೂಲಕ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ದಡ್ಡನನ್ನು, ಅವಿವೇಕಿಯನ್ನು ಸೂಚಿಸುತ್ತಿತ್ತು. ಮುಂದೆ ಅದು ಅಳುಕು, ಅತಿ ನಾಜೂಕು, ಸುಲಭವಾಗಿ ಒಪ್ಪದ ಅಭಿರುಚಿ ಎಂಬ ಅರ್ಥಗಳನ್ನು ದಾಟಿ, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಗುರುತಿಸುವ ನಿಷ್ಕೃಷ್ಟತೆಗೆ ಹೆಸರಾಯಿತು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಈ ನಿಷ್ಕೃಷ್ಟತೆಯ ಅರ್ಥಕ್ಕೇ ಪ್ರಾಶಸ್ತ್ಯ ಕೊಟ್ಟಿತಾದರೂ, ಆ ಶತಮಾನದ ಉತ್ತರಾರ್ಧದಲ್ಲಿ ‘ಹಿತಕರ’ ಎಂಬ ಹೊಸ ಅರ್ಥವು ಆಡುಮಾತಿನಲ್ಲಿ ಬೇರೂರಿತು.

ಕೀಳರ್ಥದ ಪದವೊಂದು ಮೇಲರ್ಥ ಪಡೆಯುವುದನ್ನು ಭಾಷಾವಿಜ್ಞಾನದಲ್ಲಿ ಉತ್ತಮಾರ್ಥಪ್ರಾಪ್ತಿ ಎಂದೂ, ಅದಕ್ಕೆ ವಿರುದ್ಧವಾದುದನ್ನು ಹೀನಾರ್ಥಪ್ರಾಪ್ತಿ ಎಂದೂ ಕರೆಯುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಭಾಗ್ಯಶಾಲಿ, ಧನ್ಯ ಎಂಬ ಅರ್ಥವಿದ್ದ ‘ಸಿಲ್ಲಿ’ ಪದವು ನಿಷ್ಕಪಟಿ, ಕನಿಕರಕ್ಕೆ ಪಾತ್ರನಾದವನು ಎಂಬ ಮೆಟ್ಟಿಲುಗಳನ್ನಿಳಿದು ಕೊನೆಗೆ ಪೆದ್ದನೆಂಬ ಅರ್ಥಕ್ಕೆ ಬಂದು ನಿಂತದ್ದು ಹೀನಾರ್ಥಪ್ರಾಪ್ತಿಗೆ ನಿದರ್ಶನ. ಸಂಸ್ಕೃತದ ‘ಮುಹ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದ ‘ಮೂಢ’ ಬೈಗುಳವಾಗಿಯೇ ಉಳಿದು ‘ಮುಗ್ಧ’ ಕನ್ನಡದಲ್ಲಿ ವಾತ್ಸಲ್ಯದ ನುಡಿಯಾಗಿರುವುದನ್ನು ಬಲ್ಲವರಿಗೆ ಈ ಏರಿಳಿತ ಅಪರಿಚಿತವಲ್ಲ.

ಅರ್ಥ ಹಿಗ್ಗಿದಂತೆ ಪದದ ಮೊನೆ ಮೊಂಡಾಗುವುದೂ ಉಂಟು. ಜಾನ್ಸನ್ನನ ಒಡನಾಡಿಯಾಗಿದ್ದ ಹೆಸ್ಟರ್ ಪಿಯೋಟ್ಸಿ 1794ರಲ್ಲಿ ‘ಬ್ರಿಟಿಷ್ ಸಿನಾನಿಮಿ’ಯನ್ನೂ, ಜಾರ್ಜ್ ಕ್ರ್ಯಾಬ್ 1816ರಲ್ಲಿ ಸಮಾನಾರ್ಥಕಗಳ ಕೋಶವನ್ನೂ ಪ್ರಕಟಿಸಿ, ಒಂದೇ ಅರ್ಥದವೆಂದು ತೋರುವ ಪದಗಳ ಒಳಭೇದಗಳನ್ನು ಬಿಡಿಸಿಟ್ಟರು. 1817ರ ಕೊನೆಯಲ್ಲಿ ಹೊರಬಂದ ಜೇನ್ ಆಸ್ಟಿನ್ನಳ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಎಂಬ ಪಾತ್ರವು, ಹಿಂದೆ ಅಚ್ಚುಕಟ್ಟು, ಔಚಿತ್ಯ, ಪರಿಷ್ಕಾರಗಳಿಗೆ ಮೀಸಲಾಗಿದ್ದ ‘ನೈಸ್’ ಈಗ ಎಲ್ಲ ಬಗೆಯ ಹೊಗಳಿಕೆಗೂ ಒದಗುತ್ತಿದೆಯೆಂದು ಆಕ್ಷೇಪಿಸುತ್ತದೆ. ಆ ಆಕ್ಷೇಪದಲ್ಲಿ ಹುರುಳಿದೆ: ಅಚ್ಚುಕಟ್ಟನ್ನು ‘ನೀಟ್’, ನವುರನ್ನು ‘ಡೆಲಿಕೇಟ್’, ಕರಾರುವಾಕ್ಕುತನವನ್ನು ‘ಎಕ್ಸಾಕ್ಟ್’ ಬೇರೆಬೇರೆಯಾಗಿ ಹೇಳಬಲ್ಲವಾದರೆ, ಅವೆಲ್ಲಕ್ಕೂ ಬದಲಿಯಾಗಿ ನಿಂತ ಪದವು ಮೆಚ್ಚುಗೆಯನ್ನು ತಿಳಿಸುವುದೇ ಹೊರತು ಮೆಚ್ಚಿದ ಗುಣ ಯಾವುದೆಂಬುದನ್ನು ತಿಳಿಸಲಾರದು.

ಕನ್ನಡಕ್ಕೆ ಬಂದ ‘ನೈಸು’ ಮಾತ್ರ ಬೇರೊಂದು ಹಾದಿ ಹಿಡಿದಿದೆ. ಹಿಟ್ಟನ್ನು ನೈಸಾಗಿ ರುಬ್ಬಬೇಕೆನ್ನುವಾಗ ಅದು ಬರಿಯ ಮೆಚ್ಚುಗೆಯ ಮಾತಲ್ಲ. ತರಿ ಉಳಿಯದ ನುಣುಪು ಎಂಬ, ಬೆರಳಿಗೆ ಸಿಕ್ಕುವ ಒಂದು ಗುಣದ ಹೆಸರು.