190 ಕಿಲೋ ಸಂಗೀತ

ಊರಿಗೆ ಹೊರಟಾಗ ವಿಮಾನದವರು ಬಿಡುವ ಕಿಲೋ ಲೆಕ್ಕ ನಮಗೆಲ್ಲ ಬಾಯಿಪಾಠ. ಹ್ಯಾಮಂಡ್ ಬಿ-3 ಆರ್ಗನ್ ಪೆಡಲ್, ಬೆಂಚು ಸೇರಿ ಸುಮಾರು 190 ಕಿಲೋ!

ಅಮೆರಿಕದ ಲಾರೆನ್ಸ್ ಹ್ಯಾಮಂಡ್ ವಿದ್ಯುತ್ ಗಡಿಯಾರ ತಯಾರಿಸುತ್ತಿದ್ದವರು. ಗಡಿಯಾರದ ಸಮವೇಗದ ಮೋಟಾರನ್ನೇ ಬಳಸಿ 1935ರಲ್ಲಿ ವಿದ್ಯುತ್ ಆರ್ಗನ್ ಮಾರಾಟಕ್ಕೆ ತಂದರು. ಒಳಗೆ ಲೋಹದ ಹಲ್ಲುಚಕ್ರಗಳು ಅಯಸ್ಕಾಂತದ ಮುಂದೆ ತಿರುಗಿದಾಗ ಸ್ವರ ಹುಟ್ಟುತ್ತದೆ. ದುಬಾರಿ ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳಿಗೆ ಇದು ವರವಾಯಿತು. 1950ರ ದಶಕದ ಬಿ-3 ಮಾದರಿಯನ್ನು ಜಿಮ್ಮಿ ಸ್ಮಿತ್ ಜಾಝ್‌ನಲ್ಲಿ ಮೆರೆಸಿದರು. ಡಾನ್ ಲೆಸ್ಲಿ ರೂಪಿಸಿದ ತಿರುಗುವ ಸ್ಪೀಕರ್ ಅದಕ್ಕೆ ಅಲೆಯಂಥ ನಾದ ಕೊಟ್ಟಿತು.

1970ರ ದಶಕದ ಮಧ್ಯದಲ್ಲಿ ಬಿ-3 ತಯಾರಿಕೆ ನಿಂತಿತು. ನಂತರ ಒಬ್ಬರೇ ಹೊರಬಲ್ಲ ಅನುಕರಣೆಗಳು ಬಂದವು. ಕೀಲಿ ಒತ್ತಿದಾಗಿನ ‘ಟಿಕ್’ ಸದ್ದು ಹ್ಯಾಮಂಡ್ ಎಂಜಿನಿಯರುಗಳ ಕಣ್ಣಿಗೆ ದೋಷ. ವಾದಕರಿಗೆ ಅದೇ ಪ್ರಾಣ. ಈಗಿನ ಕೀಬೋರ್ಡುಗಳು ಆ ದೋಷವನ್ನೂ ಬೇಕೆಂದೇ ನಕಲು ಮಾಡುತ್ತವೆ.

ಕೊಳ್ಳುವವರು ನೂರಾರು ಸ್ವರಗಳ ಪಟ್ಟಿಗೆ ಮರುಳಾಗಬೇಡಿ. ಒಂಬತ್ತು ಡ್ರಾಬಾರ್ ಇವೆಯೇ? ತಿರುಗುವ ಸ್ಪೀಕರಿನ ವೇಗ ಮೆಲ್ಲಗೆ ಏರಿ ಇಳಿಯುತ್ತದೆಯೇ? ಹೆಡ್‌ಫೋನ್ ಹಾಕಿ ನುಡಿಸಬಹುದೇ? ರಾತ್ರಿಪಾಳಿ ಮುಗಿಸಿ ಪಕ್ಕದ ಮಂಚದಲ್ಲಿ ಮಲಗಿದವನಿಗೆ ನಿದ್ದೆ ಬೇಕು. ಔಷಧಿ ಕೊಡುವವನಾಗಿ ನಾನು ಹೇಳುವುದಿಷ್ಟೇ: ಡಬ್ಬಿಯ ಹೆಸರಿಗಿಂತ ಒಳಗಿನ ಅಂಶ ನೋಡಿ.