ಅಪ್ಪನ ದೋಣಿ, ಮಗನ ಕಾಯ್ದೆ

2016ರ ಜೂನ್ 26ರ ನಸುಕು. ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆಂದು ಬ್ರಿಟನ್ನಿನ ಮತದಾರರು ತೀರ್ಪು ಕೊಟ್ಟು ಎರಡು ದಿನವಷ್ಟೇ ಆಗಿತ್ತು. ವಿರೋಧ ಪಕ್ಷವಾದ ಲೇಬರ್‌ನ ನಾಯಕ ಜೆರೆಮಿ ಕಾರ್ಬಿನ್ ಅವರಿಗೆ ಅವರದೇ ಛಾಯಾ ಸಂಪುಟದಲ್ಲಿ ವಿದೇಶಾಂಗದ ಹೊಣೆ ಹೊತ್ತಿದ್ದ ಹಿಲರಿ ಬೆನ್, ನಿಮ್ಮ ನಾಯಕತ್ವದಲ್ಲಿ ನನಗೆ ವಿಶ್ವಾಸ ಉಳಿದಿಲ್ಲ ಎಂದು ಫೋನಿನಲ್ಲಿ ತಿಳಿಸಿದರು. ಕಾರ್ಬಿನ್ ಆ ಕ್ಷಣವೇ ಅವರನ್ನು ವಜಾ ಮಾಡಿದರು. ಬೆಳಗಾದ ಮೇಲೆ ರಾಜೀನಾಮೆಗಳ ಸಾಲು ಶುರುವಾಯಿತು. ಎರಡು ದಿನಗಳಲ್ಲಿ ಛಾಯಾ ಸಂಪುಟದ ಬಹುಪಾಲು ಖಾಲಿ.

(ಹಿಲರಿ ಎಂದೊಡನೆ ಕ್ಲಿಂಟನ್ ನೆನಪಾದರೆ ತಪ್ಪಿಲ್ಲ, ನನಗೂ ಆಗಿತ್ತು. ಇವರು ಗಂಡಸು.)

ಬ್ರೆಕ್ಸಿಟ್ ಬಗ್ಗೆ ನಾನು ಓದಿದ ಬರಹಗಳಲ್ಲಿ ಈ ಫೋನ್ ಕರೆ ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಇತಿಹಾಸದ ವಿದ್ಯಾರ್ಥಿಯಾಗಿ ನಾನು ಮತ್ತೆ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೇನೆ. ಕಾರಣ ಸರಳ. ಇಡೀ ದೇಶದ ಮುಂದೆ ಒಂದು ಪ್ರಶ್ನೆಯಿಟ್ಟು ಹೌದು ಅಥವಾ ಇಲ್ಲ ಎಂದು ಹೇಳಿಸುವ ಜನಮತ ಗಣನೆ ಎಂಬ ಸಾಧನವನ್ನು ಬ್ರಿಟಿಷ್ ರಾಜಕಾರಣದೊಳಕ್ಕೆ ತರಲು ಹಟ ಹಿಡಿದವರು ಹಿಲರಿಯವರ ತಂದೆ ಟೋನಿ ಬೆನ್. ಮತ್ತು ಕಾರ್ಬಿನ್, ಅದೇ ಟೋನಿ ಬೆನ್ ಅವರ ಹಿಂದೆ ನಡೆದು ಬೆಳೆದ ರಾಜಕಾರಣಿ. ಅಪ್ಪ ತಂದ ಜನಮತ ಗಣನೆ ಮುಗಿದ ಮೂರನೆಯ ದಿನ, ಅಪ್ಪನ ಶಿಷ್ಯನೇ ಮಗನನ್ನು ಹೊರಹಾಕಿದ್ದ.

ಈ ಮನೆತನಕ್ಕೆ ಭಾರತದ ನಂಟೂ ಇದೆ. ಟೋನಿಯವರ ತಂದೆ ವಿಲಿಯಂ ವೆಜ್‌ವುಡ್ ಬೆನ್ 1929ರಿಂದ 1931ರವರೆಗೆ, ಅಂದರೆ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ, ಬ್ರಿಟನ್ ಸಂಪುಟದಲ್ಲಿ ಭಾರತದ ವ್ಯವಹಾರಗಳ ಮಂತ್ರಿ. ದುಂಡು ಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧಿಯವರನ್ನು ಹುಡುಗ ಟೋನಿ ಕಂಡಿದ್ದ. ತಂದೆಯಿಂದ ಬಂದ ಲಾರ್ಡ್ ಪದವಿ ತನಗೆ ಬೇಡ, ಜನ ಆರಿಸಿ ಕಳಿಸಿದ ಸದನದಲ್ಲೇ ಕೂರುತ್ತೇನೆ ಎಂದು ವರ್ಷಗಟ್ಟಲೆ ಹೋರಾಡಿ, 1963ರಲ್ಲಿ ಕಾನೂನನ್ನೇ ಬದಲಿಸಲು ಕಾರಣನಾದವನೂ ಇದೇ ಟೋನಿ. ಆದ್ದರಿಂದ 1970ರಲ್ಲಿ ಅವರು, ಐರೋಪ್ಯ ಸಮುದಾಯವನ್ನು ಸೇರಬೇಕೋ ಬೇಡವೋ ಎಂಬುದನ್ನು ಜನರೇ ತೀರ್ಮಾನಿಸಲಿ ಎಂದಾಗ ಅದರಲ್ಲಿ ಕಪಟವಿರಲಿಲ್ಲ. ಆಗ ಅವರು ಸದಸ್ಯತ್ವದ ಕಟ್ಟಾ ವಿರೋಧಿಯೂ ಆಗಿರಲಿಲ್ಲ.

ಪಕ್ಷದೊಳಗೆ ಆ ಮಾತಿಗೆ ಹೆಚ್ಚು ಬೆಂಬಲ ಸಿಗಲಿಲ್ಲ. ಅದರ ಉಪಯೋಗವನ್ನು ಮೊದಲು ಕಂಡುಕೊಂಡವರು ಹಳೆಯ ಹುಲಿ ಜಿಮ್ ಕ್ಯಾಲಹ್ಯಾನ್. ಟೋನಿ ನೀರಿಗಿಳಿಸಿರುವುದು ಒಂದು ಪುಟ್ಟ ರಬ್ಬರ್ ದೋಣಿ, ಮುಂದೊಂದು ದಿನ ನಾವೆಲ್ಲ ಅದನ್ನೇ ಹತ್ತಬೇಕಾದೀತು ಎಂಬರ್ಥದ ಮಾತನ್ನು ಅವರು ಆಡಿದರು. ನನ್ನ ಮಟ್ಟಿಗೆ ಇಡೀ ಬ್ರೆಕ್ಸಿಟ್ ಕತೆಯ ಕೀಲಿ ಇಲ್ಲಿದೆ. ಟೋನಿಗೆ ಅದು ಪ್ರಜೆಯ ಹಕ್ಕು. ಕ್ಯಾಲಹ್ಯಾನ್‌ಗೆ ಅದು ಮುಳುಗುವ ಪಕ್ಷ ಹತ್ತಿಕೊಳ್ಳಬಹುದಾದ ದೋಣಿ.

ದೋಣಿ ಬೇಕಾಗುವ ದಿನ ಬೇಗ ಬಂತು. 1971ರ ಅಕ್ಟೋಬರ್‌ನಲ್ಲಿ ಕನ್ಸರ್ವೇಟಿವ್ ಪ್ರಧಾನಿ ಎಡ್ವರ್ಡ್ ಹೀತ್ ಐರೋಪ್ಯ ಸಮುದಾಯ ಸೇರುವ ನಿರ್ಣಯವನ್ನು ಸದನದ ಮುಂದಿಟ್ಟಾಗ ರಾಯ್ ಜೆಂಕಿನ್ಸ್ ನೇತೃತ್ವದಲ್ಲಿ 69 ಲೇಬರ್ ಸದಸ್ಯರು ವಿಪ್ ಮೀರಿ ಸರ್ಕಾರದ ಪರ ಮತ ಹಾಕಿದರು. ಪಕ್ಷ ನಡುವೆ ಸೀಳಿತು. ಮರುವರ್ಷ ಲೇಬರ್ ಜನಮತ ಗಣನೆಯ ಕಡೆ ವಾಲಿತು. ಅದನ್ನು ಒಪ್ಪದ ಜೆಂಕಿನ್ಸ್ ಉಪನಾಯಕನ ಸ್ಥಾನ ಬಿಟ್ಟರು. 1974ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಹೆರಾಲ್ಡ್ ವಿಲ್ಸನ್ ಸಂಪುಟದಲ್ಲಿ ಉಳಿಯುವುದರ ಪರ 16 ಮಂದಿ, ವಿರುದ್ಧ 7 ಮಂದಿ ಇದ್ದರು. ಯಾರನ್ನೂ ಕಳೆದುಕೊಳ್ಳಲು ಮನಸ್ಸಿಲ್ಲದ ವಿಲ್ಸನ್, ಮಂತ್ರಿಗಳು ಪರಸ್ಪರ ವಿರುದ್ಧವಾಗಿ ಪ್ರಚಾರ ಮಾಡಲು ಬಿಟ್ಟುಬಿಟ್ಟರು. 1975ರ ಜೂನ್ 5ರಂದು ಮತದಾನವಾಯಿತು. ಶೇ. 67.2ರಷ್ಟು ಜನ ಉಳಿಯೋಣ ಎಂದರು. ಸೋತ ಟೋನಿ ಬೆನ್ ತೀರ್ಪನ್ನು ತಲೆಬಾಗಿ ಒಪ್ಪಿದರು.

ಆ ಚರ್ಚೆಯಲ್ಲಿ ಮಾರ್ಗರೆಟ್ ಥ್ಯಾಚರ್ ಜನಮತ ಗಣನೆಯನ್ನು ವಿರೋಧಿಸಿದ್ದರು. ಅದು ಸರ್ವಾಧಿಕಾರಿಗಳ ಉಪಾಯ ಎಂಬ ಕ್ಲೆಮೆಂಟ್ ಅಟ್ಲಿಯವರ ಹಳೆಯ ಮಾತನ್ನು ಸದನದಲ್ಲಿ ನೆನಪಿಸಿದ್ದರು. ಲೇಬರ್ ನಾಯಕನ ಮಾತನ್ನು ಲೇಬರ್ ಸರ್ಕಾರದ ಮುಖಕ್ಕೇ ಹಿಡಿದ ಜಾಣತನ ಅದು. ನಮ್ಮ ನೆರೆಯ ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು 1967ರಲ್ಲಿ ಅಲ್ಲಿನ ಜನರನ್ನು ಕೇಳಿದ್ದು ನೆನಪಿರುವವರಿಗೆ ಈ ಮಾತು ಅತಿಯೆನಿಸಬಹುದು. ಅಲ್ಲಿ ಬೇಡ ಎಂದಾದ ಮೇಲೆ ಆ ಪ್ರಶ್ನೆ ಬಹುಮಟ್ಟಿಗೆ ಮುಗಿದುಹೋಯಿತು. ಬ್ರಿಟನ್ನಿನಲ್ಲಿ ಮುಗಿಯಲಿಲ್ಲ. ಆರು ವರ್ಷದೊಳಗೆ ಜೆಂಕಿನ್ಸ್ ಮತ್ತಿತರರು ಲೇಬರ್ ಬಿಟ್ಟು ಬೇರೆ ಪಕ್ಷ ಕಟ್ಟಿದರು. 1983ರ ಚುನಾವಣೆಯಲ್ಲಿ ಲೇಬರ್ ಪ್ರಣಾಳಿಕೆ ಐರೋಪ್ಯ ಸಮುದಾಯದಿಂದ ಹೊರಬರುತ್ತೇವೆ ಎಂದಿತು. ಮೂರನೇ ಎರಡು ಭಾಗ ಜನ ಕೊಟ್ಟ ಉತ್ತರವೂ ಪಕ್ಷದೊಳಗಿನ ಜಗಳವನ್ನು ತಣಿಸಿರಲಿಲ್ಲ.

ಮುಂದಿನ ಸರದಿ ಕನ್ಸರ್ವೇಟಿವ್ ಪಕ್ಷದ್ದು. ಥ್ಯಾಚರ್ ಕಾಲದ ಕೊನೆಯಿಂದಲೂ ಆ ಪಕ್ಷವನ್ನು ಯುರೋಪ್ ಒಳಗಿನಿಂದ ಕೊರೆಯುತ್ತಿತ್ತು. 2013ರ ಜನವರಿ 23ರಂದು ಡೇವಿಡ್ ಕ್ಯಾಮರಾನ್ ಜನಮತ ಗಣನೆಯ ಭರವಸೆ ಕೊಟ್ಟರು. ಸ್ವಂತ ಪಕ್ಷದ ಬಂಡಾಯಗಾರರ ಬಾಯಿ ಮುಚ್ಚಿಸಬೇಕಿತ್ತು, ನೈಜೆಲ್ ಫರಾಜ್ ಅವರ ಯುಕಿಪ್ ಪಕ್ಷಕ್ಕೆ ಸೋರಿಹೋಗುತ್ತಿದ್ದ ಮತಗಳನ್ನು ತಡೆಯಬೇಕಿತ್ತು. 2015ರಲ್ಲಿ 331 ಸ್ಥಾನ ಗೆದ್ದು ಸ್ಪಷ್ಟ ಬಹುಮತ ಬಂದಾಗ ಮಾತು ಉಳಿಸಿಕೊಳ್ಳದೆ ದಾರಿಯಿರಲಿಲ್ಲ. ಅದೇ ರಬ್ಬರ್ ದೋಣಿ, ಹತ್ತಿದವರು ಬೇರೆ.

2016ರ ಜೂನ್ 23ರ ರಾತ್ರಿ ಮತಗಟ್ಟೆಗಳು ಮುಚ್ಚಿದಾಗ ಒಂದು ಪೌಂಡ್‌ಗೆ ಸುಮಾರು 1.50 ಡಾಲರ್. ನಿಸ್ಸಾನ್ ಕಾರು ಕಾರ್ಖಾನೆಯಿರುವ ಸಂಡರ್‌ಲ್ಯಾಂಡ್‌ನಲ್ಲಿ ಶೇ. 61ರಷ್ಟು ಜನ ಹೊರಡೋಣ ಎಂದಿದ್ದಾರೆಂಬ ಸುದ್ದಿ ಬಂದಾಗ ನಮ್ಮಲ್ಲಿ ಇನ್ನೂ ಬೆಳಗಿನ ಐದು ಗಂಟೆ. ಪೌಂಡ್ ಜಾರತೊಡಗಿತು. ಲಂಡನ್ನಿನಲ್ಲಿ ಬೆಳಗಾಗುವಷ್ಟರಲ್ಲಿ ಅದು 1.32ರ ಆಸುಪಾಸಿಗೆ ಇಳಿದಿತ್ತು, 1985ರ ನಂತರದ ಅತಿ ಕೆಳಮಟ್ಟ. ಒಟ್ಟು ಲೆಕ್ಕದಲ್ಲಿ ಹೊರಡೋಣ ಎಂದವರು ಶೇ. 51.9, ಉಳಿಯೋಣ ಎಂದವರು ಶೇ. 48.1. ಸ್ಕಾಟ್ಲೆಂಡ್‌ನಲ್ಲಿ ಶೇ. 62ರಷ್ಟು ಜನ ಉಳಿಯೋಣ ಎಂದಿದ್ದರು. ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿರುವ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಶೇ. 78.6. ಅತ್ತ ಲಿಂಕನ್‌ಶೈರ್‌ನ ಬೋಸ್ಟನ್ ಎಂಬ ಊರಿನಲ್ಲಿ ಹೊರಡೋಣ ಎಂದವರು ಶೇ. 75.6. ಒಂದೇ ದೇಶದ ಎರಡು ಊರುಗಳಿವು.

ಆ ಮಧ್ಯಾಹ್ನ ನಾನು ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಊಟದ ತಟ್ಟೆ ಹಿಡಿದು ಟಿವಿಯ ಮುಂದೆ ನಿಂತಿದ್ದೆ. ಕ್ಯಾಮರಾನ್ ತಮ್ಮ ಮನೆಯ ಬಾಗಿಲ ಮುಂದೆ ರಾಜೀನಾಮೆ ಪ್ರಕಟಿಸುತ್ತಿದ್ದರು. ಕೆಳಗಿನ ಪಟ್ಟಿಯಲ್ಲಿ ಸೆನ್ಸೆಕ್ಸ್ ಕುಸಿತದ ಅಂಕಿ ಓಡುತ್ತಿತ್ತು. ದಿನದ ಕೊನೆಗೆ ಅದು 600 ಅಂಶಕ್ಕೂ ಹೆಚ್ಚು ಬಿದ್ದಿತ್ತು. ಅವರ ವೋಟಿಗೂ ನಮ್ಮ ಷೇರಿಗೂ ಏನು ಸಂಬಂಧ ಎಂದು ಪಕ್ಕದಲ್ಲಿದ್ದವನು ಕೇಳಿದ. ಉತ್ತರ ಹೇಳಲು ನನಗೆ ಬರಲಿಲ್ಲ.

ನಂತರದ ಮೂರು ವಾರಗಳು ಕನ್ಸರ್ವೇಟಿವ್ ಪಕ್ಷದಲ್ಲಿ ನಡೆದದ್ದನ್ನು ಕರ್ನಾಟಕದವರಿಗೆ ವಿವರಿಸಿ ಹೇಳಬೇಕಿಲ್ಲ. ರೆಸಾರ್ಟ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನಾವು ಕಂಡದ್ದೇ. ಹೊರಡುವ ಬಣದ ಮುಖವಾಗಿದ್ದ ಬೋರಿಸ್ ಜಾನ್ಸನ್ ಪ್ರಧಾನಿಯಾಗುತ್ತಾರೆ, ಜೊತೆಗಾರ ಮೈಕೆಲ್ ಗೋವ್ ಅವರ ಬೆನ್ನಿಗಿರುತ್ತಾರೆ ಎಂದೇ ಎಲ್ಲರೂ ನಂಬಿದ್ದರು. ಜೂನ್ 30ರ ಬೆಳಿಗ್ಗೆ ಗೋವ್, ಜಾನ್ಸನ್‌ಗೆ ಆ ಸಾಮರ್ಥ್ಯವಿಲ್ಲ, ನಾನೇ ಸ್ಪರ್ಧಿಸುತ್ತೇನೆ ಎಂದರು. ಕೆಲವೇ ಗಂಟೆಗಳಲ್ಲಿ ಜಾನ್ಸನ್ ಹಿಂದೆ ಸರಿದರು. ಜುಲೈ 4ಕ್ಕೆ ಫರಾಜ್ ತಮ್ಮ ಪಕ್ಷದ ನಾಯಕತ್ವ ಬಿಟ್ಟರು. ಜುಲೈ 7ರ ಸುತ್ತಿನಲ್ಲಿ ಸಂಸದರು ಗೋವ್ ಅವರನ್ನೂ ಕೈಬಿಟ್ಟರು. ಕೊನೆಗೆ ಉಳಿದಿದ್ದ ಎದುರಾಳಿ ಆಂಡ್ರಿಯಾ ಲೆಡ್ಸಮ್ 11ರಂದು ಹಿಂದೆ ಸರಿದಾಗ, ಉಳಿಯೋಣ ಎಂದು ಮತ ಹಾಕಿದ್ದ ಥೆರೆಸಾ ಮೇ, ಹೊರಡುವ ಕೆಲಸ ನಡೆಸಲು 13ರಂದು ಪ್ರಧಾನಿಯಾದರು. ಗೆದ್ದ ಬಣದ ಮುಂದಾಳುಗಳಲ್ಲಿ ಯಾರಿಗೂ ಆಗ ಪ್ರಧಾನಿ ಪಟ್ಟ ಸಿಗಲಿಲ್ಲ.

ನನಗೆ ಇದಕ್ಕಿಂತ ಗಂಭೀರವಾಗಿ ಕಾಣುವುದು ಇನ್ನೊಂದು ಸಂಗತಿ. ಹೊರಡೋಣ ಎಂಬ ಉತ್ತರ ಬಂದರೆ ಏನು ಮಾಡಬೇಕೆಂಬ ಯೋಜನೆಯನ್ನೇ ತಯಾರಿಸದಂತೆ ಕ್ಯಾಮರಾನ್ ಸರ್ಕಾರ ಅಧಿಕಾರಿಗಳಿಗೆ ಹೇಳಿತ್ತು. ಸಂಸತ್ತಿನ ವಿದೇಶಾಂಗ ಸಮಿತಿ ಜುಲೈನಲ್ಲಿ ಇದನ್ನು ಘೋರ ನಿರ್ಲಕ್ಷ್ಯವೆಂದು ಕರೆಯಿತು. ಜಗಳ ಮುಗಿಸಲೆಂದು ಕೇಳಿದ ಪ್ರಶ್ನೆಯಾದ್ದರಿಂದ ಉತ್ತರದ ಬಗ್ಗೆ ಯೋಚಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಸಿದ್ಧವಾಗಿದ್ದದ್ದು ಬ್ಯಾಂಕ್ ಆಫ್ ಇಂಗ್ಲೆಂಡ್. ಗವರ್ನರ್ ಮಾರ್ಕ್ ಕಾರ್ನಿ ಜೂನ್ 24ರ ಬೆಳಿಗ್ಗೆಯೇ ಕ್ಯಾಮರಾಗಳ ಮುಂದೆ ಬಂದು, ಬ್ಯಾಂಕುಗಳಿಗೆ 25,000 ಕೋಟಿ ಪೌಂಡ್ ಹೆಚ್ಚುವರಿ ಹಣ ಒದಗಿಸಲು ತಯಾರಿದ್ದೇವೆ ಎಂದರು. ಜನರ ಕೈಗೆ ಅಧಿಕಾರ ಮರಳಿ ಬಂತೆಂದು ಸಂಭ್ರಮಿಸುತ್ತಿದ್ದ ದಿನ ದೇಶವನ್ನು ಹಿಡಿದು ನಿಲ್ಲಿಸಿದ್ದು ಯಾರೂ ಚುನಾಯಿಸದ, ಕೆನಡಾದಲ್ಲಿ ಹುಟ್ಟಿದ ಒಬ್ಬ ಬ್ಯಾಂಕ್ ಅಧಿಕಾರಿ.

ಅನಿಶ್ಚಿತತೆ ಎಂಬ ಪದ ಪತ್ರಿಕೆಗಳಲ್ಲಿ ಸವೆದುಹೋಗಿದೆ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಆ ಜುಲೈ ಮೊದಲ ವಾರ ಒಳ್ಳೆಯ ಪಾಠ. ಅಲ್ಲಿ ಕಚೇರಿ ಕಟ್ಟಡ, ಮಾಲ್‌ಗಳಲ್ಲಿ ಹಣ ತೊಡಗಿಸುವ ನಿಧಿಗಳಿವೆ. ಸಾಮಾನ್ಯರು ಯಾವ ದಿನ ಬೇಕಾದರೂ ತಮ್ಮ ಪಾಲನ್ನು ಹಿಂಪಡೆಯಬಹುದು. ಕಟ್ಟಡಗಳ ಬೆಲೆ ಬೀಳುತ್ತದೆಂಬ ಭಯಕ್ಕೆ ಎಲ್ಲರೂ ಒಟ್ಟಿಗೆ ಬಂದರು. ಆದರೆ ಹತ್ತು ಮಹಡಿಯ ಕಟ್ಟಡದಿಂದ ನಾಲ್ಕು ಮೆಟ್ಟಿಲು ಕಿತ್ತು ಮಾರಿ ಹಣ ಕೊಡಲಾಗದು. ಸ್ಟ್ಯಾಂಡರ್ಡ್ ಲೈಫ್, ಮರುದಿನ ಅವೀವಾ ಮತ್ತು ಎಂ ಅಂಡ್ ಜಿ, ಹಣ ಹಿಂಪಡೆಯುವುದನ್ನೇ ನಿಲ್ಲಿಸಿದವು. ಇಷ್ಟೆಲ್ಲ ಆಗುವಾಗ ಬ್ರಿಟನ್ ಇನ್ನೂ ಐರೋಪ್ಯ ಒಕ್ಕೂಟದ ಒಳಗೇ ಇತ್ತು, ಒಂದೇ ಒಂದು ಕಾನೂನೂ ಬದಲಾಗಿರಲಿಲ್ಲ.

ಆಗಸ್ಟ್ 4ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ ಏಳು ವರ್ಷದಿಂದ ಶೇ. 0.5ರಲ್ಲಿದ್ದ ಬಡ್ಡಿದರವನ್ನು ಶೇ. 0.25ಕ್ಕೆ ಇಳಿಸಿತು. ಮರುದಿನವೇ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್, ವಿಲಿಯಮ್ಸ್ ಅಂಡ್ ಗ್ಲಿನ್ ಎಂಬ ಪ್ರತ್ಯೇಕ ಬ್ಯಾಂಕ್ ಕಟ್ಟುವ ಯೋಜನೆಯನ್ನು ಕೈಬಿಟ್ಟಿತು. ಕಡಿಮೆ ಬಡ್ಡಿದರ, ತಾಂತ್ರಿಕ ತೊಡಕು ಎಂದು ಕಾರಣ ಹೇಳಿತು. ಬ್ರೆಕ್ಸಿಟ್ ಒಂದೇ ಕಾರಣ ಎನ್ನುವಂತಿಲ್ಲ. ಆ ಬ್ಯಾಂಕಿನ ಸಾಫ್ಟ್‌ವೇರ್ ಕೆಲಸದಲ್ಲಿದ್ದದ್ದು ಬೆಂಗಳೂರಿನ ಇನ್ಫೋಸಿಸ್. ಸುಮಾರು 3,000 ಮಂದಿಯನ್ನು, ಬಹುತೇಕ ಭಾರತದಲ್ಲೇ, ಈ ಕೆಲಸದಿಂದ ಹಿಂತೆಗೆಯಬೇಕಾಗುತ್ತದೆ ಎಂದು ಆ ತಿಂಗಳ ನಡುವೆ ಕಂಪನಿ ಪ್ರಕಟಿಸಿತು. ಮೆಸ್ಸಿನಲ್ಲಿ ಕೇಳಿದವನ ಪ್ರಶ್ನೆಗೆ ಉತ್ತರದ ಒಂದು ತುಣುಕು ಹೀಗೆ ತಡವಾಗಿ ಸಿಕ್ಕಿತು.

ಬ್ರಿಟಿಷ್ ಖಜಾನೆ ಹೆದರಿಸಿದ್ದಂತೆ ಆರ್ಥಿಕ ಹಿಂಜರಿತ ಕೂಡಲೇ ಬರಲಿಲ್ಲ ಎಂಬುದನ್ನೂ ಹೇಳಲೇಬೇಕು. ಹೊರಡುವ ಬಣದವರು ಇದನ್ನು ಹಿಡಿದು ಗೇಲಿ ಮಾಡಿದ್ದು ನ್ಯಾಯವಾಗಿಯೇ ಇತ್ತು. ಏಟು ಬಿದ್ದದ್ದು ನಿಧಾನವಾಗಿ, ಅಡುಗೆಮನೆಯ ಕಡೆಯಿಂದ. ಅಕ್ಟೋಬರ್‌ನಲ್ಲಿ ಯುನಿಲಿವರ್ ಕಂಪನಿ ಪೌಂಡ್ ಕುಸಿತದ ಕಾರಣ ಕೊಟ್ಟು ಬೆಲೆ ಏರಿಸಲು ಹೋಗಿ, ಟೆಸ್ಕೊ ಅಂಗಡಿಗಳು ಒಪ್ಪದೆ, ಬ್ರಿಟಿಷರು ಬ್ರೆಡ್ಡಿಗೆ ಸವರಿಕೊಳ್ಳುವ ಮಾರ್ಮೈಟ್ ಸಿಗದಂತಾಯಿತು. ಒಂದೆರಡು ದಿನದಲ್ಲಿ ರಾಜಿಯಾಯಿತು. ಆದರೆ ಜನಮತದ ತಿಂಗಳಲ್ಲಿ ಶೇ. 0.5 ಇದ್ದ ಹಣದುಬ್ಬರ 2017ರ ನವೆಂಬರ್‌ಗೆ ಶೇ. 3.1ಕ್ಕೆ ಬಂದಿತ್ತು.

ಮತ್ತೆ ಬೆನ್ ಮನೆಯ ವಿಷಯಕ್ಕೆ. ಹಿಲರಿ ವಜಾ ಆದ ಎರಡನೆಯ ದಿನ ಲೇಬರ್ ಸಂಸದರು ಕಾರ್ಬಿನ್ ಮೇಲೆ ಅವಿಶ್ವಾಸ ತಂದರು: ವಿರುದ್ಧ 172, ಪರ 40. ಕಾರ್ಬಿನ್ ಕದಲಲಿಲ್ಲ. ನನ್ನನ್ನು ಆರಿಸಿದ್ದು ಸಂಸದರಲ್ಲ, ಪಕ್ಷದ ಸದಸ್ಯರು ಎಂಬುದು ಅವರ ವಾದ. ಸೆಪ್ಟೆಂಬರ್‌ನಲ್ಲಿ ಸದಸ್ಯರು ಶೇ. 61.8 ಮತ ಕೊಟ್ಟು ಅವರನ್ನೇ ಮತ್ತೆ ಆರಿಸಿದರು. ಈ ವಾದ ಕಾರ್ಬಿನ್‌ಗೆ ಬಂದದ್ದು ಟೋನಿ ಬೆನ್ ಅವರಿಂದ. ಪಕ್ಷ ಸಂಸದರ ಸ್ವತ್ತಲ್ಲ, ಸದಸ್ಯರದು ಎಂದು ಸಾರಿ 1981ರಲ್ಲಿ ಉಪನಾಯಕತ್ವಕ್ಕೆ ಸ್ಪರ್ಧಿಸಿದ್ದ ಟೋನಿ, ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಡೆನಿಸ್ ಹೀಲಿಯವರೆದುರು ಸೋತಿದ್ದರು. ಆ ಪ್ರಚಾರದಲ್ಲಿ ಓಡಾಡಿದ ಯುವಕರಲ್ಲಿ ಕಾರ್ಬಿನ್ ಒಬ್ಬರು.

ನನಗೆ ಟೋನಿ ಬೆನ್ ಇಷ್ಟ. ಈ ವಿಷಯದಲ್ಲಿ ನನ್ನ ಮಾರ್ಗದರ್ಶಕರಿಗೂ ನನಗೂ ಹೊಂದಿಕೆಯಿಲ್ಲ. ಜನರನ್ನು ಕೇಳಬಾರದು ಎನ್ನುವವರ ಜೊತೆ ನಿಲ್ಲುವುದು ನನ್ನಿಂದಾಗದು. ಆದರೆ 1975ರಲ್ಲೂ 2016ರಲ್ಲೂ ಕೇಳಿದ ಪ್ರಧಾನಿಗಳಿಗೆ ಬೇಕಾಗಿದ್ದದ್ದು ಜನರ ಉತ್ತರವಲ್ಲ, ಪಕ್ಷದೊಳಗಿನ ಶಾಂತಿ. ಟೋನಿಯ ಸಾಧನವನ್ನು ಕ್ಯಾಲಹ್ಯಾನ್ ಕಣ್ಣಿನಿಂದ ನೋಡಿದವರೇ ಅದನ್ನು ಬಳಸಿದರು. 2014ರಲ್ಲಿ ತೀರಿಕೊಂಡ ಟೋನಿ ಎರಡನೆಯದನ್ನು ನೋಡಲಿಲ್ಲ.

ಮಗ ನೋಡಿದರು. ಮೇ ತಂದ ಒಪ್ಪಂದ 2019ರ ಜನವರಿ 15ರಂದು 432-202ರಿಂದ ಬಿದ್ದು, ಅವರೂ ಹೋಗಿ, ಜಾನ್ಸನ್ ಪ್ರಧಾನಿಯಾದ ಮೇಲೆ, ಒಪ್ಪಂದವಿಲ್ಲದೆಯೇ ಹೊರಬೀಳುವ ಅಪಾಯ ಎದುರಾಯಿತು. ಅದನ್ನು ತಡೆಯುವ ಮಸೂದೆ ಮಂಡಿಸಿದವರು ಹಿಲರಿ ಬೆನ್. ಅದಕ್ಕೆ ದಾರಿ ಮಾಡಿಕೊಟ್ಟ 21 ಕನ್ಸರ್ವೇಟಿವ್ ಸಂಸದರನ್ನು ಜಾನ್ಸನ್ ಒಂದೇ ರಾತ್ರಿ ಸಂಸದೀಯ ಪಕ್ಷದಿಂದ ಹೊರಹಾಕಿದರು. ಅವರಲ್ಲಿ 1970ರಿಂದ ಸದನದಲ್ಲಿದ್ದ ಕೆನ್ ಕ್ಲಾರ್ಕ್ ಇದ್ದರು, ಚರ್ಚಿಲ್‌ರ ಮೊಮ್ಮಗ ನಿಕೋಲಸ್ ಸೋಮ್ಸ್ ಇದ್ದರು. ಮಸೂದೆ ಕಾಯ್ದೆಯಾಯಿತು. ನಿಗದಿತ ದಿನದೊಳಗೆ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಸಿಗದಿದ್ದರೆ ಪ್ರಧಾನಿ ಐರೋಪ್ಯ ಒಕ್ಕೂಟಕ್ಕೆ ಪತ್ರ ಬರೆದು ಹೆಚ್ಚಿನ ಸಮಯ ಕೇಳಲೇಬೇಕು ಎಂದಿತು ಅದು. ಪತ್ರದ ಒಕ್ಕಣೆಯನ್ನೂ ಅನುಬಂಧದಲ್ಲಿ ಅಚ್ಚು ಹಾಕಿಕೊಟ್ಟಿತ್ತು. ಜಾನ್ಸನ್ ಅದನ್ನು ಬೆನ್ ಕಾಯ್ದೆ ಎನ್ನದೆ ಶರಣಾಗತಿಯ ಕಾಯ್ದೆ ಎಂದೇ ಕರೆಯುತ್ತಿದ್ದರು.

ಅಕ್ಟೋಬರ್ 19ರ ರಾತ್ರಿ ಬ್ರಸೆಲ್ಸ್‌ಗೆ ಪತ್ರಗಳು ಹೋದವು. ಸಮಯ ಕೊಡುವುದು ತಪ್ಪು ಎಂದು ವಾದಿಸುವ ಪತ್ರಕ್ಕೆ ಪ್ರಧಾನಿಯ ಸಹಿ ಇತ್ತು. ಸಮಯ ಕೇಳುವ ಪತ್ರ, ಹಿಲರಿ ಬೆನ್ ಅವರ ಕಾಯ್ದೆಯಲ್ಲಿದ್ದ ಒಕ್ಕಣೆಯ ನಕಲು ಪ್ರತಿ, ಸಹಿಯ ಜಾಗ ಖಾಲಿ.